ಸುಡದ ಮಸಿ

…ಹಾಗೆ ಸುತ್ತಬೇಡ ಕಣೇ, ಅಂಚು ಒಡೆದುಹೋಗುತ್ತೆ. ತಾ ಇಲ್ಲಿ. ಗಾಜಿನ ಲೋಟಕ್ಕೆ ಮೊದಲು ಒಳಗೆ ಕಾಗದ ತುರುಕಬೇಕು, ಆಮೇಲೆ ಹೊರಗೆ ಸುತ್ತಬೇಕು. ಹೂಂ, ಹಾಗೆ. ಏನು ಹೇಳ್ತಿದ್ದೆ ನಾನು? ಹಾಂ… ಮುಖ! ಅವನ ಮುಖ ನೀನು ನೋಡಬೇಕಿತ್ತು ಪುಟ್ಟೀ. ಹರಳೆಣ್ಣೆ ಕುಡಿದ ಮುಖ! ಸರ್ಕಾರದ ದೊಡ್ಡ ವಕೀಲ, ತುಂಬಿದ ಕೋರ್ಟಲ್ಲಿ ಬಾಯಿ ತೆಗೀತಾನೆ, ಮುಚ್ತಾನೆ, ತೆಗೀತಾನೆ, ಮುಚ್ತಾನೆ! ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು.

ಅಯ್ಯೋ, ಹಾಗೆ ನೋಡಬೇಡ. ನಿನಗಾಗಿದ್ದಕ್ಕೆ ಅಲ್ಲ ಕಣೇ ನಾನು ಖುಷಿಪಟ್ಟಿದ್ದು! ಅವನಿಗಾಗಿದ್ದಕ್ಕೆ. ಅದು ಬೇರೆ, ಇದು ಬೇರೆ.

ಆ ದೂರಿನ ಕಾಗದ ನೋಡಿದ್ಯಾ? ಅಲ್ಲೇ, ಸ್ಟೂಲಿನ ಮೇಲಿದೆ. ಪೆನ್ನೂ ಅಲ್ಲೇ ಇದೆ. ಆಯ್ತು, ಆಯ್ತು, ಈ ಡಬ್ಬ ತುಂಬಿಸಿಯೇ ಸಹಿ ಹಾಕು. ನಿಮ್ಮಣ್ಣ ಕೆಳಗೆ ಗಾಡಿಯವನ ಹತ್ರ ಚೌಕಾಸಿಗೆ ನಿಂತಿದಾರೆ. ಅವರ ಚೌಕಾಸಿ ಗೊತ್ತಲ್ಲ ನಿನಗೆ, ಗಾಡಿಯವನು ಸನ್ಯಾಸ ತಗೊಳ್ಳೋ ತನಕ ಬಿಡಲ್ಲ. ಅವರು ಮೇಲೆ ಬರೋದ್ರೊಳಗೆ ಒಂದು ಸಹಿ ಆಗಿಬಿಟ್ರೆ ಸಾಕು. ಬಂದ್ರೆ ನೂರು ಪ್ರಶ್ನೆ ಕೇಳ್ತಾರೆ. ಏನು, ಯಾಕೆ, ಯಾರು ಬರೆದಿದ್ದು… ಅವರ ತಲೆಗೆ ಇದೆಲ್ಲ ಹೋಗಲ್ಲ. ನನ್ನ ಕೆಲಸ ಏನು ಅಂತಾನೇ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಯಾರಾದ್ರೂ ಕೇಳಿದ್ರೆ "ಏನೋ ಕೋರ್ಟಲ್ಲಿ ಕಂಪ್ಯೂಟರ್" ಅಂತಾರೆ. ಕೋರ್ಟಲ್ಲಿ ಕಂಪ್ಯೂಟರ್!

ಸರ್ಕಾರ ಒಂದು ಕೇಸು ಹಾಕಿದ್ರೆ ಮೂಟೆಗಟ್ಟಲೆ ಕಾಗದ ಬರುತ್ತೆ. ಅದನ್ನೆಲ್ಲ ಓದೋರು ಯಾರು? ನಾನು. ಹಾಳೆ ಹಾಳೆಗೆ ನಂಬರ್ ಹಾಕೋರು? ನಾನು. ಯಾವ ಸಾಕ್ಷಿಗೆ ಯಾವ ಹಾಳೆ ಅಂತ ಜೋಡಿಸಿ, ವಕೀಲ ನಂಬರ್ ಕೂಗಿದ ಕೂಡಲೇ ಗೋಡೆಯ ಪರದೆ ಮೇಲೆ ತೋರಿಸೋರು? ನಾನು. ಅಡುಗೆಯೆಲ್ಲ ನಂದು, ಬಡಿಸಿ ಹೊಗಳಿಸಿಕೊಳ್ಳೋದು ಅವನು. ಇರಲಿ ಬಿಡು, ಹೊಗಳಿಕೆ ಯಾರಿಗೆ ಬೇಕಾಗಿತ್ತು.

ನಮ್ಮಾಫೀಸಲ್ಲಿ ಅವನ ಹೆಸರೇ "ಗಂಟಲು". ಏನೇ ಹೇಳೋಕೆ ಮುಂಚೆ ಹ್ಞಂ ಹ್ಞಂ ಅಂತ ಗಂಟಲು ಸರಿಮಾಡಿಕೊಳ್ಳಬೇಕು. "ಒಂದು ಕಾಫಿ" ಅನ್ನೋಕೂ ಹ್ಞಂ ಹ್ಞಂ! ನಿಮ್ಮ ಫ್ಯಾಕ್ಟರಿ ಮೇಲೆ ಲಿಫ್ಟ್ ಹಗ್ಗದ ಕೇಸು ಶುರುವಾದ ಹೊಸದರಲ್ಲಿ, ನೆನಪಿದ್ಯಾ, ನಾನೊಂದಿನ ಅಳ್ತಾ ನಿಮ್ಮನೆಗೆ ಬಂದಿದ್ದೆನಲ್ಲ, ಅವತ್ತು. ಗಂಟಲು ತಪ್ಪು ನಂಬರ್ ಕೂಗಿದ. ಅವನು ಕೂಗಿದ ನಂಬರಿನ ಹಾಳೆಯನ್ನೇ ನಾನು ತೋರಿಸಿದೆ. ಬಂತು ನೋಡು ಪರದೆ ಮೇಲೆ, ನಿಮ್ಮ ಫ್ಯಾಕ್ಟರಿ ಕ್ಯಾಂಟೀನಿನ ಬಿಸ್ಕತ್ತಿನ ಬಿಲ್ಲು! ಎಲ್ಲರೂ ನಕ್ಕರು. ಇವನೇನು ಮಾಡಬೇಕು? ಕ್ಷಮಿಸಿ, ನಾನು ತಪ್ಪು ಹೇಳಿದೆ ಅನ್ನಬೇಕು ತಾನೆ? ಹ್ಞಂ ಹ್ಞಂ… "ಸ್ವಾಮಿ, ನಮ್ಮ ಗುಂಡಿ ಒತ್ತೋ ಹೆಂಗಸಿಗೆ ರಾತ್ರಿ ನಿದ್ದೆ ಆಗಿಲ್ಲ ಅಂತ ಕಾಣುತ್ತೆ." ಜಡ್ಜೂ ನಕ್ಕರು ಕಣೇ! ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ. ಅವತ್ತಿಂದ ನಾನು ಗುಂಡಿ ಮೇಡಂ. ಬಾಗಿಲು ಕಾಯೋ ಜವಾನನೂ "ಗುಂಡಿ ಮೇಡಂ, ನಿಮ್ಮನ್ನ ಕರೀತಿದಾರೆ" ಅಂತಾನೆ. ಅವನ ತಲೆ ಕೂದಲು ಕಪ್ಪಿದ್ದ ಕಾಲದಿಂದ ನಾನಲ್ಲಿ ಕೆಲಸ ಮಾಡ್ತಿದೀನಿ!

ಅವತ್ತೇ ಅಂದ್ಕೊಂಡೆ. ಗಂಟಲೇ, ನಿನ್ನ ಗಂಟಲು ಕಟ್ಟೋ ಹಾಗೆ ಮಾಡದಿದ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂತ.

…ಮಾಡೋದು ಅಂದ್ರೆ… ದೇವರು ಮಾಡ್ಲಿ ಅಂತ. ಕಾಗದ ಕೊಡು ಇನ್ನೊಂದಿಷ್ಟು.

ಸರಿ, ನಿನ್ನ ಹೇಳಿಕೆ ವಿಷಯ. ಲಿಫ್ಟಿನ ಹಗ್ಗ ಎಳೆದು ಪರೀಕ್ಷೆ ಮಾಡೋಳು ನೀನು. ಪಟ್ ಅಂತ ಹರಿದುಹೋದ ಹಗ್ಗಕ್ಕೂ "ಪಾಸ್" ಮುದ್ರೆ ಒತ್ತಿಸಿದ್ರು ಅಂತ ಧೈರ್ಯವಾಗಿ ಬರೆದುಕೊಟ್ಟೋಳೂ ನೀನೇ. ಲಿಫ್ಟ್ ಬಿದ್ದು ಜನ ಸತ್ತಿದ್ರು, ಯಾರಾದ್ರೂ ಹೇಳಲೇಬೇಕಿತ್ತು. ನಾನೇ ಹೇಳಿಸಿದೆ, ಹೌದು. ಈ ಅಡುಗೆಮನೇಲೇ ಕೂತು ಹೇಳಿದೆ, ನಿನ್ನ ಹೆಸರು ಹೊರಗೆ ಬರಲ್ಲ ಪುಟ್ಟಿ, ಮಸಿ ಹಚ್ಚೋಳು ನಾನೇ ತಾನೆ ಅಂತ. ನೀನು ನನ್ನ ನಾದಿನಿ ಅಂತ ಆಫೀಸಲ್ಲಿ ಒಬ್ಬರಿಗೂ ಹೇಳಲಿಲ್ಲ. ಹೇಳಿದ್ರೆ ಆ ಕೇಸಿಂದಲೇ ತೆಗೆದು ಹಾಕ್ತಿದ್ರು, ಆಗ ನಿನ್ನ ಕಾಗದ ಯಾರ ಕೈಗೆ ಹೋಗ್ತಿತ್ತೋ.

ಮಸಿ ಅಂದ್ರೆ ಬರೀ ಮಸಿ ಅಲ್ಲ, ಅದನ್ನೇ ಹೇಳೋಕೆ ಹೊರಟಿದ್ದು. ಕಂಪ್ಯೂಟರಲ್ಲಿ ಹೆಸರಿನ ಮೇಲೆ ಒಂದು ಕಪ್ಪು ಪಟ್ಟಿ ಎಳೀಬಹುದು. ಚಿಕ್ಕ ಮಕ್ಕಳೂ ಎಳೀತಾರೆ. ಆದ್ರೆ ಅದು ಕಾಣದ ಹಾಗೆ ಹೊದಿಸಿದ ಕಂಬಳಿ ಅಷ್ಟೇ, ಕೆಳಗಿರೋ ಅಕ್ಷರ ಜೀವಂತ ಇರುತ್ತೆ. ಮಸಿ ಹಚ್ಚಿದ ಮೇಲೆ ಅದನ್ನ ಸುಡಬೇಕು. ನಾವು ಹಾಗೇ ಅನ್ನೋದು, ಸುಡೋದು ಅಂತ. ಸುಟ್ಟ ಮೇಲೆ ಕೆಳಗಿನ ಅಕ್ಷರ ಸತ್ತುಹೋಗುತ್ತೆ, ಬ್ರಹ್ಮ ಬಂದ್ರೂ ಓದೋಕಾಗಲ್ಲ. ಸುಟ್ಟಿದೆಯೋ ಇಲ್ಲವೋ ಅಂತ ನೋಡೋದೂ ಸುಲಭ. ಆ ಕಪ್ಪು ಜಾಗನ ಎತ್ತಿ, ಅಂದ್ರೆ ಕಂಪ್ಯೂಟರಲ್ಲೇ ಕಾಪಿ ಮಾಡಿ, ಖಾಲಿ ಹಾಳೆ ಮೇಲೆ ಅಂಟಿಸಬೇಕು. ಅಕ್ಷರ ಬಂತೋ, ಕಳಿಸಬಾರದು. ನಾನು ಯಾವತ್ತೂ ಎತ್ತಿ ನೋಡದೆ ಒಂದು ಹಾಳೆ ಹೊರಗೆ ಬಿಟ್ಟೋಳಲ್ಲ. ಜ್ವರ ಬಂದಾಗಲೂ ಬಿಟ್ಟಿಲ್ಲ. ಕೈಗೆ ಅಭ್ಯಾಸ, ಹೊಸ್ತಿಲು ದಾಟುವಾಗ ಬೀಗ ಎಳೆದು ನೋಡ್ತೀವಲ್ಲ ಹಾಗೆ.

ಜಡ್ಜು ಹೇಳಿದ್ರು, ಸಾಕ್ಷಿಯ ಹೆಸರು ಮುಚ್ಚಿ ಹೇಳಿಕೆಯನ್ನ ಎದುರು ಪಕ್ಷಕ್ಕೆ ಕೊಡಿ ಅಂತ. ಅಷ್ಟಕ್ಕೆ ಗಂಟಲಿಗೆ ಶೋಕಿ ಬಂತು. ಹೊಸ ಮೇಲಧಿಕಾರಿ ಬಂದಿದ್ರಲ್ಲ, ಅವರ ಮುಂದೆ "ಇದೇನು ಬ್ರಹ್ಮವಿದ್ಯೆಯಾ, ನಾನೇ ಮಾಡ್ತೀನಿ" ಅಂದ. ತಾನೇ ಕೂತು ಕಪ್ಪು ಪಟ್ಟಿ ಎಳೆದ. ಸುಡೋದು ಅಂತ ಒಂದಿದೆ ಅಂತ ಅವನಿಗೆ ಗೊತ್ತೇ ಇಲ್ಲ! ಸಾಯಂಕಾಲ ನನ್ನ ಮೇಜಿನ ಹತ್ರ ಬಂದು, ಹ್ಞಂ ಹ್ಞಂ, "ಇದನ್ನ ಕಳಿಸಿ. ತಲೆ ಉಪಯೋಗಿಸಬೇಡಿ, ಗುಂಡಿ ಉಪಯೋಗಿಸಿ." ಮೇಲಧಿಕಾರಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ್ರು.

ನಾನೇನು ಮಾಡ್ಲಿ ಹೇಳು? ಕಳಿಸು ಅಂದ್ರು, ಕಳಿಸಿದೆ. ಮುಟ್ಟಬೇಡ ಅಂದ್ರು, ಮುಟ್ಟಲಿಲ್ಲ. ನೋಡ್ಲೂ ಇಲ್ಲ. ಗುಂಡಿ ಒತ್ತೋಳು ತಾನೆ? ಒತ್ತಿದೆ. ನನಗೂ ಗೊತ್ತಾಗಿದ್ದು ಮಾರನೇ ದಿನ ಕೋರ್ಟಲ್ಲೇ, ಎಲ್ಲರ ಜೊತೆಗೆ. ದೇವರಾಣೆಗೂ.

ಎದುರು ಕಡೆ ಫ್ಯಾಕ್ಟರಿಯವರ ಮೀಸೆ ವಕೀಲ ಇದಾನಲ್ಲ, ಎದ್ದು ನಿಂತ. ಮದುಮಗನ ಹಾಗೆ ನಗ್ತಾ ಇದಾನೆ! "ಸ್ವಾಮಿ, ಸರ್ಕಾರದವರು ತುಂಬಾ ಉದಾರಿಗಳು, ಮುಚ್ಚಿಡಿ ಅಂದಿದ್ದನ್ನೂ ಕೊಟ್ಟುಬಿಟ್ಟಿದಾರೆ" ಅಂದ. ಗಂಟಲು ಹೇಳಿಕೆಯ ಪಕ್ಕದಲ್ಲಿ ತನಗಾಗಿ ಒಂದು ಟಿಪ್ಪಣಿ ಬರೆದುಕೊಂಡಿದ್ದ, ಅದಕ್ಕೂ ಪಟ್ಟಿ ಎಳೆದಿದ್ದ. ಮೀಸೆ ಅದನ್ನ ಎತ್ತಿ ಓದಿದ. "ಈ ಜಡ್ಜಿಗೆ ಊಟದ ನಂತರ ಏನು ಹೇಳಿದರೂ ತಿಳಿಯುವುದಿಲ್ಲ, ಮುಖ್ಯ ಮಾತು ಬೆಳಿಗ್ಗೆಯೇ ಮುಗಿಸಬೇಕು." ಜಡ್ಜಿನ ಎದುರಿಗೇ! ಜಡ್ಜು ಕನ್ನಡಕ ತೆಗೆದ್ರು. ಗಂಟಲು ನೀರು ಕುಡಿಯೋಕೆ ಹೋಗಿ ಕೋಟಿನ ಮೇಲೆಲ್ಲ ಚೆಲ್ಕೊಂಡ. ಹ್ಞಂ ಅಂತಾನೆ, ಮುಂದೆ ಬರಲ್ಲ! ಹ್ಞಂ… ಹ್ಞಂ… ನಾನು ಕಂಪ್ಯೂಟರಿನ ಹಿಂದೆ ಕೂತು, ಸೆರಗು ಬಾಯಿಗಿಟ್ಟುಕೊಂಡು… ಮಾಡಿದ್ದುಣ್ಣೋ ಮಹರಾಯ!

ಆಮೇಲೆ ಅವನು… ಮೀಸೆಯವನು… ನಿನ್ನ ಹೆಸರು ಓದಿದ. ಆ ಹೊತ್ತಿಗೆ ನನ್ನ ಎದೆ ಧಸಕ್ ಅಂತು ಪುಟ್ಟಿ. ನಿಜವಾಗ್ಲೂ.

ಇದರಲ್ಲಿ ತಪ್ಪು ಯಾರದ್ದು? ಪಟ್ಟಿ ಎಳೆದೋನದ್ದು ತಾನೆ? ಈಗ ನೋಡು, ವಿಚಾರಣೆ ಇಟ್ಟಿದಾರೆ ಸೋಮವಾರ. ಅಲ್ಲಿ ಗಂಟಲು ಏನಂತಾನಂತೆ ಗೊತ್ತಾ? ಕಳಿಸಿದ್ದು ಅವಳು, ನೋಡಿ ಕಳಿಸೋದು ಅವಳ ಕೆಲಸ ಅಂತ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಅದಕ್ಕೇ ನಿನ್ನ ದೂರು ಬೇಕು. ಸಾಕ್ಷಿಯೇ ದೂರು ಕೊಟ್ಟರೆ ಅವನ ಕರಿಕೋಟು ಬಿಚ್ಚಿ ಗೂಟಕ್ಕೆ ನೇತುಹಾಕ್ತಾರೆ. ಜನ್ಮದಲ್ಲಿ ಇನ್ನೊಂದು ಕೇಸು ಮುಟ್ಟಲ್ಲ ಅವನು. ಹಾವು ಸಾಯಬೇಕು, ಕೋಲು ಮುರೀಬಾರದು. ನಾನೇ ಎಲ್ಲ ಬರೆದು ತಂದಿದೀನಿ, ನೀನು ಕಷ್ಟಪಡೋದೇನೂ ಇಲ್ಲ, ಓದು ಬೇಕಾದ್ರೆ.

…ಯಾಕೆ ನಗ್ತೀಯ?

ಯಾವ ಸಾಲಿಗೆ ನಕ್ಕಿದ್ದು? ಓ… "ನನ್ನ ಹೆಸರು ಹೊರಬರುವುದಿಲ್ಲವೆಂದು ವಕೀಲರು ನನಗೆ ಮಾತು ಕೊಟ್ಟಿದ್ದರು"… ಹೌದು, ಗೊತ್ತು, ಮಾತು ಕೊಟ್ಟಿದ್ದು ನಾನು. ಅಲ್ಲಿ ನನ್ನ ಹೆಸರು ಹಾಕೋಕಾಗುತ್ತಾ? ನಾನೂ ಅವನ ಪರವಾಗೇ ಕೊಟ್ಟಿದ್ದು ಅಂದ್ಕೋ. ಸರ್ಕಾರದ ಪರವಾಗಿ. ಸಣ್ಣ ಬದಲಾವಣೆ, ಅಷ್ಟೇ. ದೊಡ್ಡ ಸತ್ಯಕ್ಕೆ ಒಂದು ಸಣ್ಣ…

ಸರಿ, ನಗು. ಎಷ್ಟೋ ದಿನ ಆಗಿತ್ತು ನೀನು ನಕ್ಕು. ನಾನು ಬಂದಾಗಿಂದ ಲೋಟ ಸುತ್ತೋದೇ ಸುತ್ತೋದು. ನನಗೇನು ಹೊಟ್ಟೆ ಉರಿಯಲ್ವಾ? ಮನೆ ಮಾಲೀಕ ಖಾಲಿ ಮಾಡಿ ಅಂದ. ಕಿಟಕಿಗೆ ರಟ್ಟು ಬಡಿದುಕೊಂಡು ಕೂತಿದೀಯ. ಯಾರು ಕಲ್ಲು ಹೊಡೆದಿದ್ದು? ನಿನ್ನ ಜೊತೆ ಊಟ ಮಾಡ್ತಿದ್ದೋರೇ! ಫ್ಯಾಕ್ಟರಿ ಮುಚ್ಚಿದ್ರೆ ನಮ್ಮ ಹೊಟ್ಟೆಗೇನು ಅಂತ. ಕೋರ್ಟಲ್ಲಿ ಹೆಸರು ಓದಿದ ದಿನವೇ ನಿನ್ನ ಮೈಮೇಲಿಂದ ಕೆಲಸದ ಕೋಟು ಕಿತ್ಕೊಂಡು, ಎರಡು ಕಡೆ ಕಾವಲಿನವರು ಹಿಡ್ಕೊಂಡು, ಅಷ್ಟೂ ಜನರ ನಡುವೆ ಗೇಟಿನ ತನಕ ನಡೆಸಿದ್ರಂತಲ್ಲ… ಉಗಿದ್ರಂತಲ್ಲ… ನಿಮ್ಮಣ್ಣ ಹೇಳ್ತಾ ಹೇಳ್ತಾ ಅತ್ತುಬಿಟ್ರು. ಅದೆಲ್ಲ ನೆನೆಸಿಕೊಂಡ್ರೆ ಆ ಗಂಟಲನ್ನ ಹಿಡಿದು ಹಿಸುಕಬೇಕು ಅನ್ಸುತ್ತೆ.

ನೀನೂ ಹಟಮಾರಿ ಕಣೇ! ಹಿಂದಿನ ಸಾಯಂಕಾಲ ಆಫೀಸಿಂದಲೇ ಫೋನ್ ಮಾಡಿ ಬಡ್ಕೊಂಡೆ, ನಾಳೆ ಒಂದು ದಿನ ಡ್ಯೂಟಿಗೆ ಹೋಗಬೇಡ, ರಜೆ ಹಾಕು, ನಮ್ಮನೆಗೆ ಬಂದುಬಿಡು ಅಂತ. ಕೇಳಿದ್ಯಾ? "ಇಲ್ಲ ಅತ್ತಿಗೆ, ನಾಳೆ ತುಂಬಾ ಪರೀಕ್ಷೆಗಳಿವೆ" ಅಂದೆ. ನನ್ನ ಮಾತು ಕೇಳಿದ್ದಿದ್ರೆ ಆ ಹೊತ್ತಿಗೆ ನಮ್ಮನೇಲಿ ಸುಖವಾಗಿ ಕೂತಿರ್ತಿದ್ದೆ, ಅವರ ಕೈಗೆ ಸಿಗ್ತಾನೇ ಇರ್ಲಿಲ್ಲ…

…

ಯಾಕೆ ನಿಲ್ಲಿಸಿದೆ?

ಸುತ್ತು. ಇನ್ನೂ ಆ ತಟ್ಟೆಗಳಿವೆ ನೋಡು.

ಏನು ಹಾಗೆ ನೋಡ್ತೀಯ… ಫೋನಾ? ಅದು… ಸುಮ್ನೆ ಕಣೇ. ಊಟಕ್ಕೆ ಕರೆದಿದ್ದು. ಎಷ್ಟು ದಿನ ಆಗಿತ್ತು ನೀನು ಬಂದು. ಅದೂ ಅಲ್ದೆ ನಿಮ್ಮಣ್ಣನಿಗೆ ಮೈ ಸರಿ ಇರ್ಲಿಲ್ಲ… ಇಲ್ಲ, ಅದು ಆಮೇಲೆ. ಕೆಟ್ಟ ಕನಸು ಬಿದ್ದಿತ್ತು, ಹೂಂ, ನಿನ್ನ ಬಗ್ಗೆ. ಹೇಳಿದ್ರೆ ಹೆದರ್ತೀಯ ಅಂತ ಹೇಳಲಿಲ್ಲ. ಕನಸಲ್ಲಿ ನೀನು… ನೀನು ಒಂದು…

ಪುಟ್ಟಿ, ಆ ಲೋಟ ಕೆಳಗಿಡು.

ಆ ಟಿಪ್ಪಣಿ ಒಂದನ್ನೇ ಓದ್ತಾರೆ ಅಂತ… ಯಾರಾದ್ರೂ ಅನ್ಕೊಬಹುದಿತ್ತು, ಅಲ್ವಾ? ಅಂದ್ರೆ, ಯಾರಾದ್ರೂ ಮೊದಲೇ ನೋಡಿದ್ದಿದ್ರೆ. ನಾನಲ್ಲ. ಅಂಥ ತಮಾಷೆ ಸಾಲು ಕೈಗೆ ಸಿಕ್ಕಿದ್ರೆ ಮೀಸೆಯವನು ಅಲ್ಲೇ ನಿಲ್ಲಿಸಬಹುದಿತ್ತು… ಮುಂದಿನ ಪಟ್ಟಿ ಎತ್ತಿ ನೋಡೋ ಅವಶ್ಯಕತೆ ಏನಿತ್ತು ಅವನಿಗೆ? ಏನಿತ್ತು ಹೇಳು!

ಬೈ. ಬೈದುಬಿಡು ಬೇಕಾದ್ರೆ. ತಟ್ಟೆ ಎತ್ತಿ ಎಸಿ.

ಏ… ಏ, ಅದಲ್ಲ! ಅದು ಸಹಿ ಹಾಕೋ ಕಾಗದ ಕಣೇ… ಲೋಟದೊಳಗೆ ಯಾಕೆ ತುರುಕ್ತೀಯ… ಹಳೇ ಕಾಗದ ಅಲ್ಲಿದೆ, ಆ ಕಡೆ… ಪುಟ್ಟೀ…

ಮೆಟ್ಟಿಲು ಸದ್ದು. ನಿಮ್ಮಣ್ಣ ಬರ್ತಿದಾರೆ. ಅವರು ನೂರು ಕೇಳ್ತಾರೆ, ನೂರಕ್ಕೂ ನನ್ನ ಹತ್ರ ಉತ್ತರ ಇದೆ. ಸೋಮವಾರದವರಿಗೂ ಇದೆ. ಬೆಳಿಗ್ಗೆಯಿಂದ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದಿದೀನಿ ಕಣೇ. ನೀನು ಒಂದೇ ಒಂದು ಕೇಳು. ಅವರು ಒಳಗೆ ಬರೋದ್ರೊಳಗೆ. "ಅತ್ತಿಗೆ, ನಿಮಗೆ ಗೊತ್ತಿತ್ತಾ?" ಅಂತ ಕೇಳು. ಇಲ್ಲ ಅಂತೀನಿ. ನಿನ್ನ ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಅಂತೀನಿ.

ಕೇಳೇ…