ಸಪ್ನಾಳ ಮೈದಾನ

ತೊಂಬತ್ತೆಂಟರ ಬೇಸಿಗೆ. ಮರಾಠಿ ಸೀಮೆಯ ಧನಕವಡಿಯ ನಳದ ಪಾಳಿಯಲ್ಲಿ ನನ್ನ ಮುಂದೆ, ದುಡಿಯಲು ಬಂದ ನಮ್ಮ ಕನ್ನಡ ಕಡೆಯ ಇಬ್ಬರು ಹೆಂಗಸರು ನಿಂತಿದ್ದರು.

"ಅವ್ವಮ್ಮಕ್ಕ, ನಿನ್ನ ಮಗಳು ಖೋಖೋಕ್ಕ ಹೋಗಿಲ್ಲೇನು?"

"ಸಪ್ನಾ ಎಲ್ಲಿ ಹೋಗ್ತಾಳ? ಮೈದಾನದ ಸುತ್ತ ತಗಡಿನ ಪತ್ರಾ ಬಡದಾರ. ಒಳಗ ಬಿಲ್ಡಿಂಗಿನ ಪಾಯಾ ತೋಡ್ತಾರ."

"ಅಯ್ಯ! ಆಕಿ ಮರಾಠಿ ಹುಡುಗ್ಯಾರ ಜೋಡಿ ಆಡಾಕ ಹತ್ತಿದ ಮ್ಯಾಲೇ ನಮಗಿಲ್ಲಿ ಪಾಳಿ ಸಿಕ್ಕಿದ್ದು."

"ಹೂಂ. ಮೊದಲ ನಮ್ಮ ಕೊಡ ಹಿಂದಕ್ಕ ತಳ್ಳತಿದ್ರು. ಈಗ ಇವರ ಹುಡುಗ್ಯಾರು ನಮ್ಮ ಮನ್ಯಾಗ ರೊಟ್ಟಿ ತಿಂತಾರ."

"ಪಾಯಾ ತೋಡೋರು ಯಾರಕ್ಕ?"

ಅವ್ವಮ್ಮನ ದನಿ ಇಳಿಯಿತು. "ನಮ್ಮ ಮನಿಯವ್ರೇ."

"ಸಪ್ನಾಗ ಗೊತ್ತದೇನು?"

"ಅಪ್ಪ ದೂರದ ಖಡಕಿಗೆ ಕೆಲಸಕ್ಕ ಹೋಗ್ಯಾನಂತ ಹೇಳೀನಿ."

ಅಷ್ಟರಲ್ಲಿ ನಳದ ಬಳಿಯಿದ್ದ ಮರಾಠಿ ಹೆಂಗಸು ನಗುತ್ತ ಪಕ್ಕಕ್ಕೆ ಸರಿದಳು. "ಸಪ್ನಾಚ್ಯಾ ಆಯಿ, ಯಾ, ಪಾಣಿ ಭರಾ!" ಎಂದು ಸಪ್ನಾಳ ಅವ್ವನನ್ನು ನೀರು ತುಂಬಿಕೊಳ್ಳಲು ಕರೆದಳು.

ಅವ್ವಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಕೊಡ ಎತ್ತಿಕೊಂಡಳು.