ತಿರುಗಿಸಿದ ಮಂಚ

ದೀಪ ಸಣ್ಣ ಮಾಡಿ, ಹತ್ತಿರ ಬನ್ನಿ. ನಾನು ಶಾರ್ಕ್ ಮೀನಿನ ಬಾಯಿಂದ ಟೋಪಿ ಕಿತ್ತುಕೊಂಡು ಬಂದವನು. ಚಂಡಮಾರುತದ ದಿನ ಚರ್ಚಿನ ತಗಡಿನ ಮಾಡನ್ನು ಒಂದೇ ಕೈಯಲ್ಲಿ ಹಿಡಿದು ನಿಂತವನು. ಅದರಲ್ಲಿ ಅರ್ಧ ಸುಳ್ಳು ಅಂತ ನೀವಂದರೆ ನಾನು ಜಗಳಕ್ಕೆ ಬರಲ್ಲ. ಆದರೆ ಇದು ನನ್ನ ಚಿಕ್ಕಮ್ಮನ ಮಗಳು ಲಿಯೋನಿಗೆ ಆದದ್ದು. ಇದಕ್ಕೆ ಉಪ್ಪೂ ಹಾಕಿಲ್ಲ, ಖಾರವೂ ಹಾಕಿಲ್ಲ.

ಲಿಯೋನಿ ನಮ್ಮ ಗುಡ್ಡದ ನರ್ಸು. ಇನ್ನೇನೂ ಮಾಡೋಕಾಗಲ್ಲ ಅಂತ ಡಾಕ್ಟರು ಮನೆಗೆ ಕಳಿಸಿದವರನ್ನು ನೋಡಿಕೊಳ್ಳುವವಳು. ವಾಸಿ ಮಾಡುವುದು ಅವಳ ಕೆಲಸವಲ್ಲ. ನೋವು ತಗ್ಗಿಸುವುದು.

ಆ ರಾತ್ರಿ ಹತ್ತು ಗಂಟೆ. ಲಿಯೋನಿ ತನ್ನ ರೋಗಿ ಆಬ್ರಿಯ ಮನೆಯಿಂದ ಇಳಿದು, ಮಳೆನೀರಿನ ತೊಟ್ಟಿ ದಾಟಿ, ಬೂರುಗದ ಮರದ ಹತ್ತಿರ ಬರುತ್ತಿದ್ದಾಳೆ. ಬೆನ್ನ ಹಿಂದೆ ಆಬ್ರಿಯ ಕೂಗು... ಹಸಿ ಮರದಲ್ಲಿ ಗರಗಸ ಸಿಕ್ಕಿಕೊಂಡ ಹಾಗೆ. ಎಳೆಯುತ್ತೆ... ನಿಲ್ಲುತ್ತೆ... ಮತ್ತೆ ಎಳೆಯುತ್ತೆ.

ಆಬ್ರಿ ಗೆಣಸು ಬೆಳೆಯುತ್ತಿದ್ದವನು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಮನೆಯಲ್ಲಿ ಔಷಧಿ ಇರಲಿಲ್ಲವೇ ಅಂದರೆ, ಇತ್ತು. ಒಂದು ಬಾಟಲಿ ಮಾರ್ಫಿನ್. ಲಿಯೋನಿಯೇ ಅದಕ್ಕೆ ಬಿಳಿ ಪಟ್ಟಿ ಅಂಟಿಸಿ ಗೆರೆ ಎಳೆದಿದ್ದಳು, ಒಂದು ಗೆರೆ ಅಂದರೆ ಒಂದು ಸಲದ ಔಷಧಿ. ನಾಲ್ಕು ಗಂಟೆಗೊಮ್ಮೆ, ನೋವಿರಲಿ ಬಿಡಲಿ, ಗಡಿಯಾರ ನೋಡಿ ಕೊಡಬೇಕು. ನೋವು ಎದ್ದು ಕೂತ ಮೇಲೆ ಕೊಟ್ಟರೆ ಔಷಧಿ ಅದರ ಹಿಂದೆ ಓಡುತ್ತಲೇ ಇರಬೇಕಾಗುತ್ತೆ.

ಆದರೆ ಬಾಟಲಿ ಟ್ರಂಕಿನೊಳಗೆ. ಟ್ರಂಕಿನ ಕೀಲಿ ಆಬ್ರಿಯ ಹೆಂಡತಿ ಐನೆಜ್ ಕೊರಳಲ್ಲಿ. "ನನ್ನ ಹೆಂಡ್ತಿ ನನಗಿಂತ ಆ ಬಾಟಲಿಗೇ ಜಾಸ್ತಿ ಕಾವಲು" ಅಂತ ಆಬ್ರಿ ಮೊದಮೊದಲು ನಗಾಡುತ್ತಿದ್ದ. ಆ ವಾರ ಅವಳು ಟ್ರಂಕು ತೆಗೆದಿರಲಿಲ್ಲ, ಅವನ ನಗುವೂ ನಿಂತಿತ್ತು.

ಅವಳದೇನೂ ಕಲ್ಲೆದೆಯಲ್ಲ. ನಾಲ್ಕು ವರ್ಷದ ಹಿಂದೆ ಅದೇ ಕೋಣೆಯಲ್ಲಿ ಆಬ್ರಿಯ ತಾಯಿ, ನಾವೆಲ್ಲ ಗೌರವದಿಂದ ಮಿಸ್ ಅಡೀನಾ ಅನ್ನುತ್ತಿದ್ದವಳು, ಇದೇ ಕಾಯಿಲೆಯಲ್ಲಿ ಮಲಗಿದ್ದಳು. ಐನೆಜ್ ಒಂದು ಚಮಚ ಕುಡಿಸಿ, ಹೊದಿಕೆ ಸರಿಮಾಡಿ, ಈಚೆ ಬಂದಳು. ಅರ್ಧ ಗಂಟೆಯಲ್ಲಿ ಮುದುಕಿಯ ಉಸಿರು ನಿಂತಿತು. ನಿಲ್ಲುವ ಹೊತ್ತು ಬಂದಿತ್ತು, ಚಮಚದಿಂದಲ್ಲ ಅಂತ ಲಿಯೋನಿ ನೂರು ಸಲ ಹೇಳಿದ್ದಾಳೆ. ಆದರೆ ಮಣ್ಣು ಮಾಡುವಾಗ ಯಾರೋ ಗೊಣಗಿದ್ದರು, ಸೊಸೆಯ ಚಮಚ ಅಂತ. ಅದೊಂದೇ ಅವಳ ಕಿವಿಯಲ್ಲಿ ಉಳಿದದ್ದು.

ಸಾವಾದ ಮನೆಯಲ್ಲಿ ನಾವು ಮಂಚದ ಜಾಗ ಬದಲಿಸುತ್ತೇವೆ. ಸತ್ತವರು ಮರಳಿ ಬಂದರೆ ಕೋಣೆಯ ಗುರುತು ಸಿಗಬಾರದು. ಮಹಾಗನಿ ಮಂಚ ಅದು, ಕಿಟಕಿ ಪಕ್ಕದಿಂದ ಬಾಗಿಲ ಪಕ್ಕಕ್ಕೆ ನಾನೊಬ್ಬನೇ ಎತ್ತಿಟ್ಟೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಎಳೆದವರು ನಾಲ್ಕು ಜನ. ನಾನು ಹಿಡಿದದ್ದು ಲಾಟೀನು.

ಆ ಸಂಜೆ ಆರಕ್ಕೆ ಲಿಯೋನಿ ಐನೆಜ್ ಮುಂದೆ ಮಂಡಿಯೂರಿದಳಂತೆ. ಕೀಲಿ ನನಗೆ ಕೊಡು, ನಾನೇ ಕುಡಿಸ್ತೀನಿ ಅಂತ ಬೇಡಿದಳು.

"ನೀನು ಕುಡಿಸಿ ಮನೆಗೆ ಹೋಗ್ತೀಯ, ನರ್ಸಮ್ಮ," ಅಂದಳು ಐನೆಜ್. "ಅವರ ಪಕ್ಕ ಕೂತು ಉಸಿರು ಎಣಿಸೋಳು ನಾನು. ಒಂದು ಸಲ ಕೊಂದ ಕೈ ಇದು. ಸಾಕು."

ಒಂಬತ್ತೂವರೆಗೆ ಲಿಯೋನಿಯನ್ನು ಹೊರಗೆ ಕಳಿಸಿ ಚಿಲಕ ಹಾಕಿದಳು.

ಹಾಗೆ ಬರುತ್ತಿದ್ದ ಲಿಯೋನಿ ಬೂರುಗದ ಮರದ ಕೆಳಗೆ ಕಾಲಿಟ್ಟಳು. ಕ್ವಿಣ್ ಕ್ವಿಣ್ ಅನ್ನುತ್ತಿದ್ದ ಮರಗಪ್ಪೆಗಳು ಒಟ್ಟಿಗೆ ಬಾಯಿ ಮುಚ್ಚಿದವು. ಬೇ ರಮ್ ವಾಸನೆ... ಕಾಯಿಲೆಯವರ ಹಣೆಗೆ ತಿಕ್ಕುತ್ತೇವಲ್ಲ, ಅದು. ಹಿಂದೆ ಚಪ್ಪಲಿ ಎಳೆಯುವ ಸದ್ದು. ಸರ್ರ್... ಸರ್ರ್...

"ಲಿಯೋನಿ."

ಮೂರನೇ ಸಲ ಕರೆಯುವವರೆಗೆ ಓಗೊಡಬಾರದು ಅಂತ ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಡಪ್ಪಿಗೆ, ಅಂದರೆ ದೆವ್ವಕ್ಕೆ, ಎರಡೇ ಸಲ ಕರೆಯೋಕೆ ಆಗೋದು. ಲಿಯೋನಿ ತಿರುಗಲಿಲ್ಲ.

"ಲಿಯೋನಿ..."

ಮೂರನೆಯದೂ ಬಂತು. ಹಾಗಾದರೆ ಬದುಕಿದವರೇ ಅಂದುಕೊಂಡಳು. ತಿರುಗಿದಳು. ಬೇರಿನ ಮೇಲೆ ಮಿಸ್ ಅಡೀನಾ ಕೂತಿದ್ದಳು, ಹೂತ ದಿನದ ಬಿಳಿ ಅಂಗಿಯಲ್ಲೇ.

"ಮಗಾ, ನನ್ನ ಹುಡುಗ ಕೂಗ್ತಿದಾನೆ. ಮೂರು ರಾತ್ರಿಯಿಂದ ಕೇಳ್ತಿದೀನಿ... ಹೋಗ್ತೀನಿ, ಕೋಣೆ ಸಿಗಲ್ಲ. ಮಂಚ ಎಲ್ಲಿಟ್ಟಿದಾರೆ?"

ಸತ್ತವರಿಗೆ ಮನೆಯ ದಾರಿ ಹೇಳಿಕೊಡುವುದು... ನಮ್ಮ ಗುಡ್ಡದಲ್ಲಿ ಯಾರೂ ಮಾಡಿದ್ದಿಲ್ಲ. ಗೊತ್ತಾದರೆ ಅವಳನ್ನು ಯಾವ ಮನೆಯೂ ಹೊಸಿಲು ದಾಟಿಸುವುದಿಲ್ಲ. ಅಷ್ಟರಲ್ಲಿ ಮೇಲಿಂದ ಮತ್ತೆ ಆ ಗರಗಸ.

"ಬಾಗಿಲ ಪಕ್ಕ," ಅಂದಳು ಲಿಯೋನಿ. "ತಲೆ ಅಡಿಗೆಮನೆ ಕಡೆ. ಬಾಟಲಿ ಟ್ರಂಕಿನಲ್ಲಿದೆ. ಈಗ ಒಂದು ಗೆರೆ... ಒಂದೇ, ಮಿಸ್ ಅಡೀನಾ. ಎರಡು ಗಂಟೆಗೆ ಇನ್ನೊಂದು."

"ಗೊತ್ತು. ನನಗೂ ನನ್ನ ಸೊಸೆ ಹಾಗೇ ಕೊಡ್ತಿದ್ಲು. ಕೈ ನಡುಗ್ತಿತ್ತು, ಪಾಪ."

ಸರ್ರ್... ಸರ್ರ್... ಚಪ್ಪಲಿ ಗುಡ್ಡ ಹತ್ತಿತು.

ಸ್ವಲ್ಪ ಹೊತ್ತಿಗೆ ಕೂಗು ತಗ್ಗಿತು. ಆಮೇಲೆ ನಿಂತೇಹೋಯಿತು. ನೋವು ನಿಂತಿತೋ, ಉಸಿರೇ ನಿಂತಿತೋ... ಲಿಯೋನಿ ಮಳೆನೀರಿನ ತೊಟ್ಟಿವರೆಗೆ ವಾಪಸು ಹತ್ತಿದಳು. ತಾನೇನು ಮಾಡಿಬಿಟ್ಟೆ ಅಂದುಕೊಂಡು ಬೆಳಗಿನವರೆಗೂ ತೊಟ್ಟಿ ಕಟ್ಟೆಗೆ ಅಂಟಿ ಕೂತಿದ್ದಳು.

ಆರಕ್ಕೆ ಬಾಗಿಲು ಬಡಿದಳು. ಕುರ್ಚಿಯಲ್ಲೇ ನಿದ್ದೆಹೋಗಿದ್ದ ಐನೆಜ್ ಎದ್ದು ಚಿಲಕ ತೆಗೆದಳು. ಕೀಲಿ ಕೊರಳಲ್ಲೇ ಇತ್ತು. ಒಳಗೆ ಗೊರ್ರ್... ಗೊರ್ರ್... ಆಬ್ರಿ ಗೊರಕೆ ಹೊಡೆಯುತ್ತಿದ್ದ. ಹಣೆಯ ಗಂಟು ಬಿಚ್ಚಿತ್ತು. ಮುಖದ ಮೇಲೆ ಬಿಸಿಲು.

ಬಾಗಿಲ ಪಕ್ಕ ಮಲಗಿದವನಿಗೆ ಬಿಸಿಲು ಎಲ್ಲಿಂದ?

ಮಂಚ ಕಿಟಕಿಯ ಪಕ್ಕ ಇತ್ತು.

ಐನೆಜ್ ಟ್ರಂಕು ತೆಗೆದಳು. ಬಾಟಲಿಯಲ್ಲಿ ಎರಡು ಗೆರೆ ಇಳಿದಿತ್ತು. ಒಂದು ಹನಿ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಆಬ್ರಿ ಕಣ್ಣು ಬಿಟ್ಟ. "ಅಮ್ಮನ ಕೈ ಎಷ್ಟು ತಣ್ಣಗಿತ್ತು," ಅಂದ. "ಪುದೀನ ಚಹಾ ಇದೆಯೇನೇ?"

ಐನೆಜ್ ಬಾಟಲಿಯನ್ನು ಬಿಸಿಲಿಗೆ ಹಿಡಿದಳು. ಆಮೇಲೆ ಗಡಿಯಾರ ನೋಡಿದಳು. ಚಮಚ ತಂದಳು. ಕೈ ನಡುಗಿತು. ಒಂದು ಗೆರೆ ಸುರಿದು ಅವಳೇ ಕುಡಿಸಿದಳು. ಅಲ್ಲಿಂದ ಮುಂದೆ ಒಂದು ಹೊತ್ತೂ ತಪ್ಪಲಿಲ್ಲ. ಹನ್ನೊಂದನೇ ದಿನ ಆಬ್ರಿ ನಿದ್ದೆಯಲ್ಲೇ ಹೋದ.

ಮಂಚ ತಿರುಗಿಸಲು ನಾವು ಹೋದೆವು, ಅದೇ ನಾಲ್ವರು, ಅದೇ ಲಾಟೀನು. ಐನೆಜ್ ಬಾಗಿಲಿಗೆ ಅಡ್ಡ ನಿಂತಳು. "ಅಲ್ಲೇ ಇರಲಿ," ಅಂದಳು. "ಅವರಿಗೆ ದಾರಿ ಗೊತ್ತಿರಲಿ."

ನಾನು ಲಾಟೀನು ಬಗ್ಗಿಸಿ ನೋಡಿದ್ದೇನೆ. ಅವಳು ವಾರಕ್ಕೊಮ್ಮೆ ಕೆಂಪು ಪಾಲಿಶ್ ಹಾಕಿ ಉಜ್ಜುವ ಮರದ ನೆಲ. ನಾಲ್ಕು ವರ್ಷದ ಹಿಂದೆ ನಾವು ಎಳೆದ ಗೀರುಗಳು ಕಿಟಕಿಯಿಂದ ಬಾಗಿಲವರೆಗೆ ಹಾಗೇ ಇವೆ, ಬೆರಳು ಇಡಬಹುದು ಅಷ್ಟು ಆಳ. ಶಾರ್ಕಿನದು ಬೇಕಾದರೆ ಸುಳ್ಳೆನ್ನಿ. ಇದನ್ನು ಹೋಗಿ ನೋಡಿ... ಮಂಚ ವಾಪಸು ಬಂದದ್ದಕ್ಕೆ ಒಂದು ಗೀರೂ ಇಲ್ಲ.