ಕತ್ತರಿ ಗುರುತಿನಾಚೆಯ ಏಳು ಸಹಿಗಳು

ಹೇಳಿಕೆ ನೀಡುತ್ತಿರುವ ನನ್ನ ಹೆಸರನ್ನು ಮತದಾರರ ಪಟ್ಟಿಯಲ್ಲಿರುವಂತೆ ಠಾಣೆಯ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಊರಿನಲ್ಲಿ ಎಲ್ಲರೂ ಕರೆಯುವುದು ಲೇಬಲ್ ಅಕ್ಕ ಎಂದು. ವಯಸ್ಸು 49 ವರ್ಷ. ಉದ್ಯೋಗ: ಲೇಬಲ್ ಮತ್ತು ರಟ್ಟಿನ ಪೆಟ್ಟಿಗೆ ಮುದ್ರಿಸುವ ಪ್ರೆಸ್ಸಿನ ಮಾಲೀಕಳು, ಮೂರು ವರ್ಷದಿಂದ ಪುರಸಭೆ ಸದಸ್ಯೆ. ವಾಸ: ಗಡಿಯಾರ ಗೋಪುರದ ಹಿಂದಿನ ಬೀದಿ, ಮೂರನೇ ಮನೆ. ಈ ದಿನ ಬೆಳಿಗ್ಗೆ ಇದೇ ಠಾಣೆಯಲ್ಲಿ ನಾನು ಬಾಯಿಮಾತಿನಲ್ಲಿ ಕೊಟ್ಟ ದೂರಿನ ವಿಷಯವಾಗಿ ಈ ಮೂಲಕ ತಿಳಿಸಿ ಬರೆಸುವುದೇನೆಂದರೆ:

ನಾನು ರಾಜ್ಯ ಶಾಸನಸಭೆಯ ಚುನಾವಣೆಗೆ ಪಕ್ಷೇತರಳಾಗಿ ನಿಂತಿದ್ದೇನೆ. ಬಸ್ ನಿಲ್ದಾಣದಿಂದ ನಮ್ಮ ಪ್ರೆಸ್ ಇರುವ ಕೈಗಾರಿಕಾ ಪ್ರದೇಶಕ್ಕೆ 1.4 ಕಿಲೋಮೀಟರ್ ರಸ್ತೆಯಿದೆ. ಕೆಲಸಕ್ಕೆ ಬರುವ ಹೆಂಗಸರೆಲ್ಲ ಅದನ್ನು ನಡೆದೇ ದಾಟಬೇಕು, ಮಳೆ ಬಂದರೆ ಚಪ್ಪಲಿ ಕೈಯಲ್ಲಿ. ಪುರಸಭೆ ಸದಸ್ಯೆಯಾಗಿ ಅಲ್ಲಿ ಹನ್ನೊಂದು ದೀಪ ಹಾಕಿಸಿದೆ. ರಸ್ತೆ ಮಾಡಿಸಲು ಹೋದಾಗ, ಅದು ರಾಜ್ಯದ ರಸ್ತೆ, ನಿಮಗೆ ಸಂಬಂಧ ಇಲ್ಲ ಎಂಬ ಉತ್ತರ ಒಂಬತ್ತು ಸಲ ಸಿಕ್ಕಿತು. ಹಾಗಾದರೆ ರಾಜ್ಯಕ್ಕೇ ಹೋಗುತ್ತೇನೆ ಎಂದು ಹೊರಟೆ. ನಾಮಪತ್ರ ಸಲ್ಲಿಸಲು ಈ ದಿನ ಮಧ್ಯಾಹ್ನ 3.00 ಗಂಟೆಯೇ ಕೊನೆಯಾಗಿತ್ತು. ಪಕ್ಷೇತರರಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು.

ನಾಮಪತ್ರದ ಹಾಳೆ ಚುನಾವಣಾ ಕಚೇರಿಯಲ್ಲೇ ಸಿಗುತ್ತದೆ. ಕಾಗದ ತೆಳು, ಅಕ್ಷರ ಮಸುಕು. ಪ್ರೆಸ್ ಇಟ್ಟುಕೊಂಡವಳು ಇಂಥ ಹಾಳೆ ಕೊಡುವುದೇ ಎಂಬ ಜಂಬಕ್ಕೆ, ನಮೂನೆಯನ್ನು ನಮ್ಮಲ್ಲೇ ದಪ್ಪ ಕಾಗದದ ಮೇಲೆ ಮುದ್ರಿಸಿದೆ. ನಮ್ಮಲ್ಲಿ ಏನೇ ಮುದ್ರಿಸಿದರೂ ದೊಡ್ಡ ಹಾಳೆಯ ಮೇಲೆ, ನಾಲ್ಕು ಮೂಲೆಗೂ ಕತ್ತರಿ ಗುರುತು ಬೀಳುತ್ತದೆ. ಎಲ್ಲಿಗೆ ಕತ್ತರಿಸಬೇಕೆಂದು ಕಟಿಂಗ್ ಮಷೀನಿನವರಿಗೆ ತಿಳಿಸುವ ಸಣ್ಣ ಗೆರೆಗಳವು. ಈ ಹಾಳೆಗೂ ಬಿದ್ದಿದ್ದವು. ಮೊದಲು ಕತ್ತರಿಸಿ ಆಮೇಲೆ ಸಹಿ ಹಾಕಿಸಬೇಕಿತ್ತು, ಹಾಗೆ ಮಾಡಲಿಲ್ಲ.

ನಿನ್ನೆ ಸಂಜೆ 4.00ರಿಂದ 6.20ರವರೆಗೆ ಹತ್ತೂ ಜನ ಬಂದು, ಪ್ರೆಸ್ಸಿನಲ್ಲಿ ಅಗಲವಾಗಿರುವ ಒಂದೇ ಮೇಜಾದ ಕಟಿಂಗ್ ಮೇಜಿನ ಮೇಲೆ ಸಹಿ ಹಾಕಿದರು. ಮೊದಲನೆಯವರು ನನ್ನ ಚುನಾವಣಾ ಏಜೆಂಟ್, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಸಹಿ ಗಾಳಿಪಟದ ಬಾಲದಷ್ಟು ಉದ್ದ. ಅದು ಅಂಕಣ ದಾಟಿ ಅಂಚಿನ ಬಿಳಿ ಜಾಗಕ್ಕೆ ಹೋಯಿತು. ನಂತರದವರಲ್ಲಿ ಆರು ಜನ ಅದನ್ನೇ ನೋಡಿ ಅಲ್ಲೇ ಹಾಕಿದರು. ಒಟ್ಟು ಏಳು ಸಹಿ ಕತ್ತರಿ ಗುರುತಿನ ಆಚೆಗಿದ್ದವು. ನನಗೆ ಆಗ ಅದು ಹೊಳೆಯಲಿಲ್ಲ, ಹತ್ತಾಯಿತಲ್ಲ ಎಂಬ ಖುಷಿಯಲ್ಲಿದ್ದೆ.

6.30ಕ್ಕೆ ಬಿಸ್ಕತ್ತು ಕಾರ್ಖಾನೆಯಿಂದ ಲೇಬಲ್ಲಿನ ಬಣ್ಣ ತಪ್ಪಿದೆ ಎಂದು ಫೋನ್ ಬಂತು. ಹಾಳೆಯನ್ನು ಅದೇ ಮೇಜಿನ ಮೇಲಿದ್ದ, ಅಷ್ಟೇ ಅಳತೆಯ, ಇನ್ನೂ ಕತ್ತರಿಸದ ಕರಪತ್ರಗಳ ಅಟ್ಟಿಯ ಮೇಲಿಟ್ಟು, ಕಬ್ಬಿಣದ ತುಂಡು ಹೇರಿ, ಫೋನಿನಲ್ಲಿ ಜಗಳವಾಡುತ್ತಾ ಹೊರಗೆ ಹೋದೆ. ಆ ಕರಪತ್ರಗಳು ಹಾಲಿ ಶಾಸಕರವು, ಅಂದರೆ ನನ್ನ ಎದುರಾಳಿಯವು. ಹದಿನಾಲ್ಕು ವರ್ಷದಿಂದ ಅವರ ಮುದ್ರಣವೆಲ್ಲ ನಮ್ಮಲ್ಲೇ. ಚುನಾವಣೆ ಬಂತೆಂದು ಗಿರಾಕಿಯನ್ನು ಬಿಡುವುದಕ್ಕಾಗುವುದಿಲ್ಲ. 6.45ಕ್ಕೆ ಶಾಸಕರ ಕಚೇರಿಯ ಮ್ಯಾನೇಜರು ಬಂದು, ಕರಪತ್ರ ಆಯಿತೇ ಎಂದು ಆ ಮೇಜಿನ ಬಳಿ ಐದು ನಿಮಿಷ ನಿಂತಿದ್ದನ್ನು ನಾನು ಅಂಗಳದಿಂದ ಕಂಡಿದ್ದೇನೆ. ಬಣ್ಣದ ತಕರಾರು ಮುಗಿಸಿ ಹಾಗೆಯೇ ಮನೆಗೆ ಹೋದೆ. ಹಾಳೆಯನ್ನು ಮರೆತಿದ್ದೆ.

ಈ ದಿನ ಬೆಳಿಗ್ಗೆ 9.10ಕ್ಕೆ ಪ್ರೆಸ್ಸಿಗೆ ಬಂದಾಗ ಮೇಜು ಖಾಲಿಯಿತ್ತು. ಕಪಾಟು, ಡ್ರಾಯರು, ಮಷೀನಿನ ಅಡಿ ಎಲ್ಲ ಕಡೆ 25 ನಿಮಿಷ ಹುಡುಕಿದೆ. ಕಟಿಂಗ್ ಮಷೀನಿನಲ್ಲಿ ಕೆಲಸ ಮಾಡುವವರು ನನ್ನ ಸೋದರಮಾವ, 66 ವರ್ಷ, ಆ ಮಷೀನಿನಲ್ಲಿ 31 ವರ್ಷ. ಅವರನ್ನು ಕೇಳಿದರೆ, ಹಾಳೆಗೀಳೆ ನನಗೆ ಗೊತ್ತಿಲ್ಲ, ಬೆಳಿಗ್ಗೆ ಕರಪತ್ರ ಕತ್ತರಿಸಿದೆ, ಕಟ್ಟು ಕಟ್ಟಿ ಕಳಿಸಿದೆ ಅಂತ ತಲೆ ಎತ್ತದೆ ಹೇಳಿದರು. ನಾನು ಚುನಾವಣೆಗೆ ನಿಲ್ಲುವುದು ಅವರಿಗೆ ಇಷ್ಟವಿಲ್ಲ. ಮಷೀನ್ ಬಿಟ್ಟು ಮೈಕ್ ಹಿಡಿಯೋರ ಕಾಗದಕ್ಕೆ ನಾನು ಸಹಿ ಹಾಕಲ್ಲ ಅಂತ ಕಳೆದ ತಿಂಗಳೇ ಹೇಳಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮ್ಯಾನೇಜರು ಮೇಜಿನ ಬಳಿ ನಿಂತಿದ್ದು ನೆನಪಾಗಿ ತಲೆ ಗಿರ್ರೆಂದಿತು. 9.50ಕ್ಕೆ ಠಾಣೆಗೆ ಬಂದು, ಶಾಸಕರು ಆಳನ್ನು ಕಳಿಸಿ ನನ್ನ ನಾಮಪತ್ರ ಕದಿಸಿದ್ದಾರೆ ಎಂದು ಇನ್ಸ್‌ಪೆಕ್ಟರಿಗೆ ಹೇಳಿದೆ. ಅಷ್ಟಕ್ಕೇ ಬಿಡದೆ, ಠಾಣೆಯ ಮೆಟ್ಟಿಲ ಮೇಲೆ ನಿಂತು ಸುಮಾರು 40 ಜನರ ಮುಂದೆ ಪ್ರಚಾರದ ಮೈಕಿನಲ್ಲಿ ಶಾಸಕರನ್ನು ಕಳ್ಳರೆಂದು ಎರಡು ಸಲ ಕರೆದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಹಿತವಾಗಿತ್ತು ಎಂಬುದನ್ನೂ ಬರೆದುಕೊಳ್ಳಬೇಕು.

11.35ಕ್ಕೆ ಪ್ರೆಸ್ಸಿಗೆ ಹಿಂತಿರುಗಿದಾಗ ಅದೇ ಮ್ಯಾನೇಜರು ಬಾಗಿಲಲ್ಲಿ ಒಂದು ಕವರು ಹಿಡಿದು ನಿಂತಿದ್ದರು. ಕರಪತ್ರದ ಕಟ್ಟು ಬಿಚ್ಚಿದ್ರೆ ಮೇಲ್ಗಡೆನೇ ಇದಿತ್ತು ಮೇಡಂ, ಈಗಲೇ ಕೊಟ್ಟು ಬಾ, ಇಲ್ಲಾಂದ್ರೆ ನಾವೇ ಕದ್ದಿದ್ದು ಅಂತ ಆಕೆ ಅಂದ್ಕೋತಾರೆ ಅಂತ ಸಾಹೇಬ್ರು ಕಳಿಸಿದ್ರು ಅಂತ ಹೇಳಿದರು. ಮೈಕಿನ ಸುದ್ದಿ ಅವರಿಗಿನ್ನೂ ಮುಟ್ಟಿರಲಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾನೇ ಎಲ್ಲವನ್ನೂ ಹೇಳಿದೆ. ಅವರು ಕವರನ್ನು ನನ್ನ ಕೈಗಿಟ್ಟು, ಟೈಮ್ ಕಮ್ಮಿ ಇದೆ, ಮೊದಲು ಅದು ನೋಡ್ಕೊಳ್ಳಿ ಅಂತ ಹೇಳಿ ಹೋದರು.

ಕವರಿನಲ್ಲಿದ್ದ ಹಾಳೆಯನ್ನು ನಾಲ್ಕೂ ಕಡೆ ನೀಟಾಗಿ ಕತ್ತರಿಸಲಾಗಿತ್ತು. ಏಳು ಸಹಿಗಳಲ್ಲಿ ಕೆಲವು ಅರ್ಧ ಹೋಗಿದ್ದವು, ಕೆಲವು ಪೂರ್ತಿ. ಮಷೀನಿನ ಕೆಳಗಿನ ರದ್ದಿ ಡಬ್ಬದಲ್ಲಿ ಮೇಷ್ಟ್ರ ಗಾಳಿಪಟದ ಬಾಲ ಸಿಕ್ಕಿತು. ನಾನು ಮಾವನ ಮೇಲೆ ಬಾಯಿಗೆ ಬಂದಂತೆ ಕೂಗಿದೆ. ಅವರು ಕನ್ನಡಕ ತೆಗೆದು, ಗುರುತಿತ್ತು, ಕತ್ತರಿಸಿದೆ, ಗುರುತಿರೋ ಹಾಳೆನ ನನ್ನ ಮೇಜಿನ ಮೇಲೆ ಇಟ್ಟೋರು ಯಾರು ಅಂತ ಕೇಳಿದರು. ಕತ್ತರಿಸುವಾಗ ಅವರು ಏನಿದೆ ಎಂದು ಓದುವುದಿಲ್ಲ, ಗುರುತು ಮಾತ್ರ ನೋಡುತ್ತಾರೆ. ಹಾಗೆ ಮಾಡಬೇಕೆಂದು ಹೊಸಬರಿಗೆ ಕಲಿಸುವವಳು ನಾನೇ.

12.05ಕ್ಕೆ ಮೇಷ್ಟ್ರು ಬಂದು, ನಿಮ್ಮ ಮಾವ ಬೇಕು ಅಂತಲೇ ಮಾಡಿರಬಹುದು ಅಂತ ಸ್ವಲ್ಪ ಜೋರಾಗಿಯೇ ಹೇಳಿದರು. ಮಾವನಿಗೆ ಕೇಳಿಸಿತು. ಅವರು ಮಷೀನಿನ ಸ್ವಿಚ್ಚು ಆರಿಸಿ, ಸ್ಕೂಟರಿನ ಕೀಲಿ ಎಲ್ಲಿ ಅಂತ ಮಾತ್ರ ಕೇಳಿದರು. ನಾನು ಹಿಂದೆ ಕುಳಿತೆ. ಚುನಾವಣಾ ಕಚೇರಿ ಪ್ರೆಸ್ಸಿನಿಂದ 2.3 ಕಿಲೋಮೀಟರ್. 12.25ಕ್ಕೆ ಅಲ್ಲಿಂದ ಆ ತೆಳು ಕಾಗದದ ಹೊಸ ಹಾಳೆಯನ್ನೇ ತೆಗೆದುಕೊಂಡು ಹತ್ತೂ ಜನರ ಬೆನ್ನು ಬಿದ್ದೆವು. ಮೇಷ್ಟ್ರು ಈ ಸಲ ಉಸಿರು ಬಿಗಿಹಿಡಿದು ಗೆರೆಯೊಳಗೇ ಸಹಿ ಹಾಕಿದರು. ಬೇಕರಿಯವರು ಹಿಟ್ಟಿನ ಕೈ ತೊಳೆದು ಬಂದರು. ಬೀಗ ರಿಪೇರಿಯವರನ್ನು ಯಾರದೋ ಮನೆಯ ಬಾಗಿಲಲ್ಲಿ ಹಿಡಿದೆವು. ಬೈಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಒಬ್ಬರೂ ಬೈಯಲಿಲ್ಲ, ಇನ್ನೊಂದು ಸಲ ಬೇಕಾದ್ರೂ ಬನ್ನಿ ಅಕ್ಕ ಅಂತ ನಕ್ಕರು. 2.10ಕ್ಕೆ ಒಂಬತ್ತು ಸಹಿಯಾಗಿತ್ತು. ಹತ್ತನೆಯವರಾದ ಹೊಲಿಗೆ ಘಟಕದ ಮಾಲೀಕರು ಬೆಳಗಿನ ರೈಲಿಗೇ ಬೇರೆ ಊರಿಗೆ ಹೋಗಿದ್ದರು.

2.31ಕ್ಕೆ ಚುನಾವಣಾ ಕಚೇರಿಯ ಮೊಗಸಾಲೆಯಲ್ಲಿ ನಿಂತಿದ್ದೆವು. ಫೋನಿನಲ್ಲಿ ಮೂವರನ್ನು ಕೇಳಿದೆ. ಒಬ್ಬರೂ ಅರ್ಧ ಗಂಟೆಯಲ್ಲಿ ತಲುಪುವಂತಿರಲಿಲ್ಲ. ಮಾವ ಗೋಡೆಗೆ ಒರಗಿದ್ದರು. ನಾನು ಅವರನ್ನು ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಅವರೇ ಕೈ ಚಾಚಿ, ಕೊಡು ಪೆನ್ನು, ಮೂವತ್ತೊಂದು ವರ್ಷದಿಂದ ಆ ರಸ್ತೇಲಿ ನಡೆದಿರೋನು ನಾನು, ನೀನಲ್ಲ ಅಂತ ಹೇಳಿದರು. ಸಹಿಯ ಪಕ್ಕ ಮತದಾರರ ಪಟ್ಟಿಯ ಕ್ರಮಸಂಖ್ಯೆ ಬರೆಯಬೇಕು. ಅದನ್ನು ಅವರು ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ನೋಡಿ ಬರೆದರು. ಚೀಟಿ ಮಡಿಕೆಯಲ್ಲಿ ಸವೆದು ಹರಿಯುವಂತಾಗಿತ್ತು. ಎಷ್ಟು ದಿನದಿಂದ ಜೇಬಿನಲ್ಲಿತ್ತು ಎಂದು ನಾನು ಕೇಳಲಿಲ್ಲ. ನನಗೆ ಅಳು ಬಂತು. 2.48ಕ್ಕೆ ನಾಮಪತ್ರ ಸಲ್ಲಿಸಿದೆ. ಅಧಿಕಾರಿ ಸಹಿಗಳನ್ನು ಎರಡು ಸಲ ಎಣಿಸಿ ರಸೀದಿ ಕೊಟ್ಟರು.

3.25ಕ್ಕೆ ಠಾಣೆಗೆ ಹೊರಟಾಗ ಮೇಷ್ಟ್ರು ತಡೆದು, ನಾಮಪತ್ರ ಆಯ್ತಲ್ಲ, ದೂರು ಹಾಗೇ ಇರಲಿ, ಮತದಾನಕ್ಕೆ ಇನ್ನು ಇಪ್ಪತ್ತು ದಿನ, ಕನಿಕರದ ವೋಟು ಸುಮ್ಮನೆ ಯಾಕೆ ಬಿಡ್ತೀರಿ ಅಂತ ಹೇಳಿದರು. ಸುಳ್ಳೆಂದು ಗೊತ್ತಾದ ಮೇಲೂ ಇಟ್ಟುಕೊಂಡರೆ ಅದು ನಾನು ಮಾಡಿದ ಕಳ್ಳತನವಾಗುತ್ತದೆ ಎಂದೆ. ಇನ್ಸ್‌ಪೆಕ್ಟರು ಕೂಡ, ಬಾಯಿಮಾತಲ್ವಾ, ಇನ್ನೂ ದಾಖಲಾಗಿಲ್ಲ, ಮನೆಗೆ ಹೋಗಿ ಮಲಗಿ ಅಂತ ಸಮಾಧಾನ ಹೇಳಿದರು. ಬಾಯಿಮಾತೆಂದೇ ಅದನ್ನು ಬರಹದಲ್ಲಿ ವಾಪಸು ಪಡೆಯಬೇಕಾಗಿದೆ ಎಂದು ನಾನು ಹಟ ಹಿಡಿದೆ.

ಬರೆಸುವುದಕ್ಕೆ ಮೊದಲು, 4.05ಕ್ಕೆ, ಬೆಳಿಗ್ಗೆ ನಿಂತಿದ್ದ ಮೆಟ್ಟಿಲ ಮೇಲೆಯೇ ನಿಂತು ಅದೇ ಮೈಕಿನಲ್ಲಿ, ಕದ್ದವರು ಯಾರೂ ಇಲ್ಲ, ತಪ್ಪು ನನ್ನದು, ಹಾಳೆಯನ್ನು ಹಿಂತಿರುಗಿಸಿದವರು ಶಾಸಕರು ಎಂದು ಹೇಳಿ ಕ್ಷಮೆ ಕೇಳಿದೆ. ಸುಮಾರು 60 ಜನರಿದ್ದರು. ಚಪ್ಪಾಳೆ ಬೀಳಲಿಲ್ಲ. ಹಿಂದೆ ನಿಂತಿದ್ದ ಒಬ್ಬರು, ಒಂದು ಹಾಳೆ ಕಾಪಾಡ್ಕೊಳ್ಳೋಕೆ ಆಗದೋರು ನಮ್ಮ ಕ್ಷೇತ್ರ ಏನು ಕಾಪಾಡ್ತೀರಿ ಅಂತ ಕೇಳಿದರು. ಪ್ರಶ್ನೆ ಸರಿಯಾಗಿದೆ, ಇಪ್ಪತ್ತು ದಿನ ಮನೆಮನೆಗೆ ಬಂದು ಉತ್ತರ ಹೇಳುತ್ತೇನೆ ಎಂದೆ. ಹಾಗಾದ್ರೆ ನಮ್ಮ ಮನೆಯಿಂದಲೇ ಶುರು ಮಾಡಿ ಅಂತ ಅವರು ವಿಳಾಸ ಹೇಳಿದರು. ಸುಮಾರು ಇಪ್ಪತ್ತು ಜನ ಹೊರಟು ಹೋದರು, ಉಳಿದವರು ಅಲ್ಲೇ ನಿಂತರು.

ಆದ್ದರಿಂದ ನನ್ನ ಬೆಳಗಿನ ದೂರನ್ನು ಪೂರ್ತಿ ವಾಪಸು ಪಡೆಯುತ್ತಿದ್ದೇನೆ. ಈ ಹೇಳಿಕೆಯ ಒಂದು ಪ್ರತಿಯನ್ನು ಶಾಸಕರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಅವರ ಉಳಿದ ಕರಪತ್ರಗಳನ್ನು ಗುರುವಾರ ಹೇಳಿದ ಹೊತ್ತಿಗೇ ಕಳಿಸುತ್ತೇನೆ. ಅವರನ್ನು ಸೋಲಿಸಬೇಕೆಂಬ ನನ್ನ ಆಸೆ ಮೊದಲಿನಷ್ಟೇ ಇದೆ, ಗೆಲ್ಲುವೆನೆಂಬ ನಂಬಿಕೆ ಬೆಳಗಿಗಿಂತ ಹೆಚ್ಚಿದೆ. ಒಂದು ವೇಳೆ ಸೋತರೆ, ದೂರು ಕೊಡಲು ಬರುವುದಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದರು, ಆಮೇಲೆ ನಾನೂ ಓದಿದೆ, ಎರಡು ಕಡೆ ಹೊತ್ತನ್ನು ತಿದ್ದಿಸಿದೆ. ಇದರಲ್ಲಿರುವುದೆಲ್ಲ ನಾನು ಹೇಳಿದಂತೆಯೇ ಇದೆ, ನಾನು ಹೇಳಿದ್ದು ನಡೆದಂತೆಯೇ ಇದೆ.

ಸ್ಥಳ: ಠಾಣೆಯ ಬರವಣಿಗೆ ಕೊಠಡಿ
ದಿನಾಂಕ: 18, ಮಂಗಳವಾರ, ಸಂಜೆ 5.20
ಹೇಳಿಕೆದಾರಳ ಸಹಿ: (ಇದೆ)
ಸಾಕ್ಷಿ: ಸೋದರಮಾವ, ಸಹಿ (ಇದೆ)